ಹತ್ತು ವರ್ಷದ ದೆವ್ವಗಳ ಮೆರಿಟ್ ಲಿಸ್ಟು

ಹಾರರ್ ಸಿನಿಮಾದ ಹುಚ್ಚಿರುವ ಎಂಟು ಜನ ಸೇರಿ 2010ರ ದಶಕದ ಟಾಪ್ ಹತ್ತು ಚಿತ್ರಗಳನ್ನು ಆರಿಸೋಣ ಅಂತ ಕೂತರೆ, ಮೊದಲ ಒಂದು ಗಂಟೆ ಯಾವ ಸಿನಿಮಾದ ಹೆಸರೂ ಬರುವುದಿಲ್ಲ. ದಶಕ ಶುರುವಾಗಿದ್ದು ಯಾವಾಗ ಅನ್ನುವುದರ ಮೇಲೆಯೇ ಪಂಚಾಯಿತಿ. ಲೆಕ್ಕದ ಮೇಷ್ಟ್ರ ಸ್ವಭಾವದವನೊಬ್ಬ ಪ್ರತಿ ಗುಂಪಿನಲ್ಲೂ ಇರುತ್ತಾನೆ. ಸೊನ್ನೆ ಅನ್ನುವ ಇಸವಿಯೇ ಇರಲಿಲ್ಲ, ಹಾಗಾಗಿ ದಶಕ ಅಂದರೆ 2011ರಿಂದ 2020 ಅನ್ನುತ್ತಾನೆ. ಶಾಸ್ತ್ರಕ್ಕೆ ಅವನ ಮಾತು ಸರಿಯೇ. ಆದರೆ ಹಾಗೆ ಎಣಿಸಿದರೆ 2010ರ ಫೆಬ್ರವರಿಯಲ್ಲಿ ಬಂದ ‘ಆಪ್ತರಕ್ಷಕ’ ಪಟ್ಟಿಯಿಂದ ಆಚೆ. ವಿಷ್ಣುವರ್ಧನ್ ಅವರ ಕೊನೆಯ ಚಿತ್ರವನ್ನು ಕ್ಯಾಲೆಂಡರಿನ ನೆಪ ಹೇಳಿ ಹೊರಗೆ ಹಾಕಿ, ಮರುದಿನ ಅದೇ ಗುಂಪಿನ ಜೊತೆ ಕಾಫಿ ಕುಡಿಯುವ ಧೈರ್ಯ ಯಾವ ಮೇಷ್ಟ್ರಿಗೂ ಇಲ್ಲ. 2010ರಿಂದ 2019 ಅಂತ ಇತ್ಯರ್ಥವಾಗುತ್ತದೆ.

ಆಗ ಎರಡನೇ ತಗಾದೆ. ಸಿನಿಮಾದ ಇಸವಿ ಯಾವುದು? ‘ಇಟ್ ಫಾಲೋಸ್’ ಕಾನ್ ಉತ್ಸವದಲ್ಲಿ ತೋರಿಸಿದ್ದು 2014ರಲ್ಲಿ, ಅಮೆರಿಕದ ಥಿಯೇಟರಿಗೆ ಬಂದದ್ದು 2015ರಲ್ಲಿ. ‘ದ ವಿಚ್’ ಸನ್‌ಡಾನ್ಸ್‌ನಲ್ಲಿ 2015ರ ಜನವರಿ, ಥಿಯೇಟರಿಗೆ 2016ರ ಫೆಬ್ರವರಿ. ಇವೆರಡೂ ದಶಕದ ನಡುಮಧ್ಯೆ ಇರುವುದರಿಂದ ಅಂಥ ನಷ್ಟವೇನಿಲ್ಲ. ತಲೆನೋವು ಅಂಚಿನಲ್ಲಿ ನಿಂತವುಗಳದ್ದು. ‘ಸೇಂಟ್ ಮಾಡ್’ ಟೊರೊಂಟೊ ಉತ್ಸವದಲ್ಲಿ 2019ರಲ್ಲೇ ತೋರಿಸಿದ್ದಾರೆ, ಬ್ರಿಟನ್ನಿನ ಜನ ಟಿಕೆಟ್ ಕೊಟ್ಟು ನೋಡಿದ್ದು 2020ರಲ್ಲಿ. ‘ಆಲ್ ದ ಬಾಯ್ಸ್ ಲವ್ ಮ್ಯಾಂಡಿ ಲೇನ್’ ಇದಕ್ಕೂ ಒಂದು ಕೈ ಮೇಲು. 2006ರಲ್ಲಿ ಟೊರೊಂಟೊದಲ್ಲಿ ಕಾಣಿಸಿಕೊಂಡು, ಅಮೆರಿಕದಲ್ಲಿ ಬಿಡುಗಡೆಯಾಗುವ ಹೊತ್ತಿಗೆ 2013 ಬಂದಿತ್ತು. ಶಾಲೆಯ ಹುಡುಗರ ಪಾತ್ರ ಮಾಡಿದವರೆಲ್ಲ ಅಷ್ಟರಲ್ಲಿ ಏಳು ವರ್ಷ ದೊಡ್ಡವರಾಗಿದ್ದರು.

ಇದಕ್ಕೆ ಕೆಲಸಕ್ಕೆ ಬರುವ ನಿಯಮ ಒಂದೇ: ಜಗತ್ತಿನ ಯಾವ ಮೂಲೆಯಲ್ಲೇ ಆಗಲಿ, ಮೊದಲ ಸಾರ್ವಜನಿಕ ಪ್ರದರ್ಶನದ ಇಸವಿಯೇ ಚಿತ್ರದ ಇಸವಿ. ಬಿಡುಗಡೆ ದಿನಾಂಕ ದೇಶಕ್ಕೊಂದು, ಮೊದಲ ಪ್ರದರ್ಶನ ಒಂದೇ ಒಂದು. ಈ ನಿಯಮವನ್ನು ಬರೆದಿಟ್ಟುಕೊಳ್ಳದಿದ್ದರೆ, 2018ರ ‘ತುಂಬಾಡ್’ ಚಿತ್ರವನ್ನು 2024ರ ಮರುಬಿಡುಗಡೆಯಲ್ಲಿ ನೋಡಿದವನು ಅದನ್ನು ಮುಂದಿನ ದಶಕಕ್ಕೆ ಎತ್ತಿಕೊಂಡು ಹೋಗುತ್ತಾನೆ. ಮರುಬಿಡುಗಡೆಯ ಗಳಿಕೆ ಮೊದಲ ಓಟವನ್ನೇ ಮೀರಿಸಿತು ಅನ್ನುವುದು ಅವನ ಕೈಯಲ್ಲಿರುವ ಸಾಕ್ಷಿ. ಗಲ್ಲಾಪೆಟ್ಟಿಗೆಯ ಲೆಕ್ಕದಿಂದ ಜನ್ಮದಿನ ಬದಲಾಗುವುದಿಲ್ಲ ಅಂತ ಅವನಿಗೆ ಸಮಾಧಾನವಾಗಿ ಹೇಳಬೇಕು.

ಇನ್ನು, “ಲೋ, ಅದು ಹಾರರ್ರೇ ಅಲ್ಲ” ಅನ್ನುವ ಮಾತು. ಒಂದು ಸಂಜೆಯಲ್ಲಿ ಅತಿ ಹೆಚ್ಚು ಸಲ ಕಿವಿಗೆ ಬೀಳುವ ವಾಕ್ಯ ಇದೇ. ವರ್ಣದ್ವೇಷದ ಕಥೆ ಹೇಳುವ ‘ಗೆಟ್ ಔಟ್’ ಚಿತ್ರವನ್ನು ಗೋಲ್ಡನ್ ಗ್ಲೋಬ್‌ನವರು ಮ್ಯೂಸಿಕಲ್ ಅಥವಾ ಕಾಮಿಡಿ ವಿಭಾಗಕ್ಕೆ ಹಾಕಿದಾಗ, ನಿರ್ದೇಶಕ ಜಾರ್ಡನ್ ಪೀಲ್ ಅದು ಸಾಕ್ಷ್ಯಚಿತ್ರ ಅಂತ ಟ್ವೀಟ್ ಮಾಡಿ ಸುಮ್ಮನಾದರು. ‘ಬ್ಲ್ಯಾಕ್ ಸ್ವಾನ್’ ಬ್ಯಾಲೆ ಚಿತ್ರವೋ ಭಯದ ಚಿತ್ರವೋ? ನಮ್ಮ ‘ಯು ಟರ್ನ್’ ಥ್ರಿಲ್ಲರೋ ದೆವ್ವದ್ದೋ? ಒಂದು ಸುಲಭದ ಪರೀಕ್ಷೆ ಇದೆ. ಕಥೆಯಿಂದ ಭಯದ ಭಾಗವನ್ನು ಮಾತ್ರ ಕಿತ್ತು, ಉಳಿದದ್ದನ್ನು ಒಂದು ಸಾಲಿನಲ್ಲಿ ಹೇಳಿ. ಉಳಿದದ್ದು ತಾನೇ ಒಂದು ಸಿನಿಮಾ ಆಗುವಂತಿದ್ದರೆ ಅನುಮಾನ, ಆಗದಿದ್ದರೆ ಹಾರರ್. ‘ಯು ಟರ್ನ್’ನಿಂದ ಆ ಭಾಗ ತೆಗೆದರೆ ಉಳಿಯುವುದು, ಫ್ಲೈಓವರ್ ಮೇಲಿನ ಕಲ್ಲು ಸರಿಸಿ ಗಾಡಿ ತಿರುಗಿಸಬೇಡಿ ಅನ್ನುವ ಟ್ರಾಫಿಕ್ ಪೊಲೀಸರ ಜಾಗೃತಿ ಚಿತ್ರ. ಪಾಸ್. ‘ಸ್ತ್ರೀ’ಯಿಂದ ತೆಗೆದರೆ ಚಂದೇರಿಯ ಟೈಲರನೊಬ್ಬನ ಪ್ರೇಮಪ್ರಸಂಗ ಉಳಿಯುತ್ತದೆ, ಅದು ಆರಾಮಾಗಿ ಎರಡು ಗಂಟೆ ಓಡುತ್ತದೆ. ಅನುಮಾನ. ಆದರೆ ಅದರ ಬೇರು 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ‘ನಾಳೆ ಬಾ’ದಲ್ಲಿದೆಯಲ್ಲ, ಆ ಲೆಕ್ಕದಲ್ಲಿ ಒಂದಿಷ್ಟು ಗ್ರಾಮೀಣ ಕೃಪಾಂಕ ಕೊಡಿ ಅಂತ ಒಬ್ಬರಾದರೂ ಕೇಳುತ್ತಾರೆ. ಕೊಡಬಾರದು. ಒಮ್ಮೆ ಕೊಟ್ಟರೆ ಮಲೆನಾಡಿನ ಕೋಟಾ, ಕರಾವಳಿಯ ಕೋಟಾ ಅಂತ ಸಾಲು ನಿಲ್ಲುತ್ತದೆ. ಅನುಮಾನದ ಚಿತ್ರಗಳಿಗೆ ಕೈ ಎತ್ತಿಸಿ. ಎಂಟರಲ್ಲಿ ಐದು ಕೈ ಮೇಲಿದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ, ಮೇಲ್ಮನವಿ ಇಲ್ಲ.

ಇಲ್ಲಿಂದ ಮುಂದೆ ಬರುವ ವಿಷಯವನ್ನು ಪಟ್ಟಿ ಮಾಡುವವರು ಸಾಮಾನ್ಯವಾಗಿ ಕೇಳುವುದೇ ಇಲ್ಲ. ನಿಜವಾದ ಅನಾಹುತ ಇರುವುದೇ ಇಲ್ಲಿ: ಯಾರು ಏನನ್ನು ಹೇಗೆ ನೋಡಿದರು? “ಏನೂ ಹೆದರಿಕೆ ಆಗ್ಲಿಲ್ಲ ಗುರು” ಅನ್ನುವವನನ್ನು ಎರಡು ಪ್ರಶ್ನೆ ಕೇಳಿದರೆ, ಸಿನಿಮಾ ನೋಡಿದ್ದು ಮಧ್ಯಾಹ್ನ ಮೆಟ್ರೋದಲ್ಲಿ ನಿಂತುಕೊಂಡು, ಫೋನಿನಲ್ಲಿ ಅಂತ ಗೊತ್ತಾಗುತ್ತದೆ. ‘ಇಟ್ ಫಾಲೋಸ್’ನ ಕಸುಬೆಲ್ಲ ಅಗಲವಾದ ಚೌಕಟ್ಟಿನಲ್ಲಿದೆ. ಮುಂದೆ ಪಾತ್ರಗಳು ಮಾತಾಡುತ್ತಿರುತ್ತವೆ, ಹಿಂದೆ ದೂರದಲ್ಲಿ ಯಾರೋ ಒಬ್ಬರು ನಿಧಾನಕ್ಕೆ ಇತ್ತಲೇ ನಡೆದುಕೊಂಡು ಬರುತ್ತಿರುತ್ತಾರೆ. ಆರು ಇಂಚಿನ ತೆರೆಯಲ್ಲಿ ಆ ಮನುಷ್ಯ ಒಂದು ಸಾಸಿವೆ ಕಾಳು. ಸಾಸಿವೆಗೆ ಹೆದರಲಿಲ್ಲ ಅನ್ನುವುದು ವಿಮರ್ಶೆಯಲ್ಲ. ‘ಹೆರಿಡಿಟರಿ’ಯಲ್ಲಿ ಕತ್ತಲ ಕೋಣೆಯ ಗೋಡೆಯ ಮೇಲ್ಮೂಲೆಯಲ್ಲಿ ಏನಿದೆ ಅನ್ನುವುದು ಕಾಣಬೇಕಾದರೆ ಮನೆಯ ಟ್ಯೂಬ್‌ಲೈಟ್ ಆರಿಸಿರಬೇಕು. ಇಲ್ಲದಿದ್ದರೆ ತೆರೆಯ ಮೇಲ್ಮೂಲೆಯಲ್ಲಿ ಕಾಣುವುದು ಟ್ಯೂಬ್‌ಲೈಟೇ.

ಹಾಗಾಗಿ ಓಟು ಹಾಕುವ ಮೊದಲು ಕನಿಷ್ಠ ಸಿದ್ಧತೆ ಇಷ್ಟು. ಸ್ಟ್ರೀಮಿಂಗ್ ಗುಣಮಟ್ಟವನ್ನು ‘ಆಟೋ’ದಲ್ಲಿ ಬಿಡದೆ 1080ಕ್ಕೆ ಕಟ್ಟಿಹಾಕಿ. ಡೇಟಾ ಕಡಿಮೆಯಾದಾಗ ಮೊದಲು ಕೆಡುವುದು ಕಪ್ಪು ಬಣ್ಣ, ಕಾಡಿನ ಕತ್ತಲು ಚೌಕ ಚೌಕವಾಗಿ ಒಡೆದು ದೆವ್ವ ಯಾವುದು ಪಿಕ್ಸೆಲ್ ಯಾವುದು ತಿಳಿಯುವುದಿಲ್ಲ. ಟಿವಿಯಲ್ಲಿ ಚಲನೆಯನ್ನು ನುಣುಪು ಮಾಡುವ ‘ಮೋಷನ್ ಸ್ಮೂದಿಂಗ್’ ಆಫ್ ಮಾಡಿ. ಸೆಕೆಂಡಿಗೆ 24 ಫ್ರೇಮಿನಲ್ಲಿ ತೆಗೆದ ಚಿತ್ರದ ನಡುವೆ ಅದು ತನ್ನದೇ ಫ್ರೇಮುಗಳನ್ನು ತುರುಕುತ್ತದೆ, ಆಗ ಎಂಥ ಭೂತವೂ ಸಂಜೆ ಏಳೂವರೆಯ ಧಾರಾವಾಹಿಯ ಅತ್ತೆಯಾಗಿಬಿಡುತ್ತದೆ. ಸೌಂಡ್‌ಬಾರಿನ ‘ನೈಟ್ ಮೋಡ್’ ಕೂಡ ಬೇಡ. ಮೆಲ್ಲನೆಯ ಸದ್ದನ್ನು ಏರಿಸಿ ಜೋರಿನದನ್ನು ಇಳಿಸುವುದು ಅದರ ಕೆಲಸ. ಇದ್ದಕ್ಕಿದ್ದಂತೆ ಬೆಚ್ಚಿಬೀಳಿಸುವ ‘ಜಂಪ್ ಸ್ಕೇರ್’ ನಿಂತಿರುವುದೇ ಆ ಎರಡರ ನಡುವಿನ ಅಂತರದ ಮೇಲೆ. ಪಕ್ಕದ ಮನೆಯವರ ಭಯವಿದ್ದರೆ ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ. ಫೋನಿನ ಪುಟ್ಟ ಸ್ಪೀಕರಿನಿಂದ ಮಂದ್ರದ ಗುಂಯ್ ಸದ್ದು ಹೊರಡುವುದೇ ಇಲ್ಲ, ಸಂಗೀತ ನಿರ್ದೇಶಕನ ಅರ್ಧ ಸಂಬಳ ಅಲ್ಲೇ ವ್ಯರ್ಥ.

ಸಬ್‌ಟೈಟಲ್ ಆರಿಸುವಾಗಲೂ ಎಚ್ಚರ. ಕಿವಿ ಮಂದ ಇರುವವರ ಅನುಕೂಲಕ್ಕೆ ಮಾಡಿದ ‘ಸಿಸಿ’ ಪಟ್ಟಿಯಲ್ಲಿ ಸದ್ದುಗಳನ್ನೂ ಬರೆದಿರುತ್ತಾರೆ. ಬೇಕಾದವರಿಗೆ ಅದು ಬೇಕೇ ಬೇಕು. ಸುಮ್ಮನೆ ಹಾಕಿಕೊಂಡವರಿಗೆ ಮಾತ್ರ, ಬಾಗಿಲು ತೆರೆಯುವ ಮೊದಲೇ ‘ಹಿಂದಿನಿಂದ ಕಿರುಚಾಟ’ ಅಂತ ಮುನ್ಸೂಚನೆ ಬಂದಿರುತ್ತದೆ. ‘ದ ವಿಚ್’ಗೆ ಸಬ್‌ಟೈಟಲ್ ಇಲ್ಲದೆ ನಡೆಯದು. 1630ರ ದಶಕದ ಇಂಗ್ಲಿಷ್ ಅದು, ಇಂಗ್ಲಿಷಿನವರೇ ಕೆಳಗಿನ ಸಾಲು ಓದುತ್ತಾರೆ. ಅದೇ ಚಿತ್ರವನ್ನು ಒಂದೂವರೆ ವೇಗದಲ್ಲಿ ಓಡಿಸಿ 92 ನಿಮಿಷವನ್ನು 61ಕ್ಕೆ ಇಳಿಸಿದವನಿಗೆ ಮತದಾನದ ಹಕ್ಕು ಇರಬಾರದು. ‘ಒನ್ ಕಟ್ ಆಫ್ ದ ಡೆಡ್’ ಅನ್ನು ಇಪ್ಪತ್ತನೇ ನಿಮಿಷಕ್ಕೆ ನಿಲ್ಲಿಸಿದವನಿಗಂತೂ ಇಲ್ಲವೇ ಇಲ್ಲ. ಆ ಜಪಾನಿ ಚಿತ್ರದ ಮೊದಲ 37 ನಿಮಿಷ ಒಂದೇ ಶಾಟು, ನೋಡಲು ಅರೆಬೆಂದದ್ದು ಅನ್ನಿಸುತ್ತದೆ. ಯಾಕೆ ಹಾಗಿದೆ ಅನ್ನುವುದು ಆಮೇಲೆ ಗೊತ್ತಾಗುತ್ತದೆ. ನಡುವೆ ಎದ್ದವನು ಅಂಕ ಕೊಡುತ್ತಿರುವುದು ಬೇರೆ ಯಾವುದೋ ಸಿನಿಮಾಕ್ಕೆ.

ಮನೆಯವರ ವಿಚಾರಕ್ಕೆ ನಿಯಮ ಮಾಡಿ ಪ್ರಯೋಜನವಿಲ್ಲ. ‘ಎ ಕ್ವಯಟ್ ಪ್ಲೇಸ್’ನಲ್ಲಿ ಸದ್ದು ಮಾಡಿದವರು ಸತ್ತರು ಅನ್ನುವ ಹೊತ್ತಿಗೆ ಸರಿಯಾಗಿ ಅಡುಗೆಮನೆಯಲ್ಲಿ ಕುಕ್ಕರ್ ಮೂರನೇ ವಿಷಲ್ ಹಾಕುತ್ತದೆ. ಆ ಒಂದು ಕ್ಷಣಕ್ಕೆ ಚಿತ್ರಕ್ಕೆ ಎರಡು ಅಂಕ ಹೆಚ್ಚು ಬಿದ್ದರೆ ಅದು ಕುಕ್ಕರಿನ ಅಂಕ. ‘ಇಟ್ ಫಾಲೋಸ್’ನ ಪೀಡೆ ಒಬ್ಬರಿಂದ ಒಬ್ಬರಿಗೆ ಹರಡುವುದು ಲೈಂಗಿಕ ಸಂಪರ್ಕದಿಂದ. ಅದನ್ನು ನೋಡುವಾಗ ಅಮ್ಮ ಬಂದು ಪಕ್ಕದಲ್ಲಿ ಕೂತು, “ಆ ಹುಡುಗಿಗೆ ಅದು ಹೇಗೆ ಅಂಟಿಕೊಳ್ತೋ?” ಅಂತ ಕೇಳಿದರೆ ಉತ್ತರ ಕೊಡುವ ಶಕ್ತಿ ಯಾವ ಮಗನಿಗೂ ಇಲ್ಲ. “ಗಾಳಿಯಿಂದ ಅಮ್ಮಾ” ಅಂದು ಪಾರಾಗುವುದು ವಾಡಿಕೆ.

ಇಷ್ಟೆಲ್ಲ ಸರಿಮಾಡಿಕೊಂಡರೂ ಒಂದು ಗಂಟು ಉಳಿಯುತ್ತದೆ. ಹೆದರಿಸಿದ ಚಿತ್ರವೂ ಮೆಚ್ಚಿದ ಚಿತ್ರವೂ ಒಂದೇ ಅಲ್ಲ. ಅಮೆರಿಕದಲ್ಲಿ ಮೊದಲ ದಿನದ ಪ್ರೇಕ್ಷಕರ ಕೈಗೆ ಚೀಟಿ ಕೊಟ್ಟು ದರ್ಜೆ ಕೇಳುವ ‘ಸಿನಿಮಾಸ್ಕೋರ್’ ಅಂತ ಒಂದಿದೆ. ಅದರಲ್ಲಿ ‘ದ ಕಾಂಜುರಿಂಗ್’ಗೆ ಎ ಮೈನಸ್ ಬಂತು. ‘ದ ವಿಚ್’ಗೆ ಸಿ ಮೈನಸ್, ‘ಹೆರಿಡಿಟರಿ’ಗೆ ಡಿ ಪ್ಲಸ್, ‘ಮದರ್!’ಗೆ ಎಫ್. ವಿಮರ್ಶಕರು ತಲೆಯ ಮೇಲೆ ಹೊತ್ತವುಗಳಲ್ಲೇ ಕೆಲವು ಅಲ್ಲಿ ಫೇಲು. ಎಫ್ ಬಂದದ್ದೆಲ್ಲ ಅಪಾರ್ಥಕ್ಕೊಳಗಾದ ಕಲಾಕೃತಿ ಅಂದುಕೊಳ್ಳುವುದೂ ಬೇಡ. 2012ರ ‘ದ ಡೆವಿಲ್ ಇನ್‌ಸೈಡ್’ಗೂ ಎಫ್ ಬಂದಿತ್ತು. ಅದು ಕಥೆಯನ್ನು ಅರ್ಧಕ್ಕೆ ಬಿಟ್ಟು, ಹೆಚ್ಚಿನ ವಿವರಕ್ಕೆ ಇಂಥ ವೆಬ್‌ಸೈಟ್ ನೋಡಿ ಅಂತ ತೆರೆಯ ಮೇಲೆ ವಿಳಾಸ ಕೊಟ್ಟು ಮುಗಿದ ಸಿನಿಮಾ. ಜನ ಬೈದದ್ದು ನ್ಯಾಯವಾಗಿಯೇ. ಆದ್ದರಿಂದ ಹಾಳೆಯಲ್ಲಿ ಎರಡು ಕಾಲಂ ಇರಲಿ. ಒಂದು ಭಯಕ್ಕೆ, ಒಂದು ಒಟ್ಟು ಚಿತ್ರಕ್ಕೆ. ರ‍್ಯಾಂಕ್ ಎರಡನೆಯದರಿಂದ, ಮೊದಲನೆಯದು ಜಗಳ ತಣ್ಣಗಾಗಲು. “ನನಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ” ಅನ್ನುವವನಿಗೆ ತನ್ನ ನಿದ್ದೆಗೇಡನ್ನು ದಾಖಲಿಸಲು ಒಂದು ಜಾಗ ಸಿಕ್ಕರೆ ಅರ್ಧ ಶಾಂತನಾಗುತ್ತಾನೆ.

ಈಗ ಲೆಕ್ಕ. ಎಂಟು ಜನ, ತಲಾ ಹತ್ತು ಚಿತ್ರ, ಮೊದಲನೆಯದಕ್ಕೆ 10, ಕೊನೆಯದಕ್ಕೆ 1. ಒಬ್ಬರ ಪಟ್ಟಿಯಿಂದ 55 ಅಂಕ, ಒಟ್ಟು 440. ಕೂಡಿದಾಗ 440 ಬರದಿದ್ದರೆ ಯಾರೋ ಎರಡನೇ ಸ್ಥಾನಕ್ಕೆ ಎರಡು ಚಿತ್ರ ಕೂರಿಸಿದ್ದಾರೆ ಅಥವಾ ಹನ್ನೊಂದು ಬರೆದಿದ್ದಾರೆ. ‘6-5=2’ ಅಂತ ಹೆಸರಿಟ್ಟು ಗೆದ್ದದ್ದು ಒಂದು ಕನ್ನಡ ಸಿನಿಮಾ ಮಾತ್ರ, ಹಾಳೆಯಲ್ಲಿ ಆ ಗಣಿತ ನಡೆಯದು. ಈ ಪದ್ಧತಿಯ ದೊಡ್ಡ ದೋಷವೆಂದರೆ ಯಾರ ಮನಸ್ಸಿನಲ್ಲೂ ಮೊದಲು ಇಲ್ಲದ ಚಿತ್ರ ಗೆಲ್ಲುವುದು. ‘ಹೆರಿಡಿಟರಿ’ಗೆ ನಾಲ್ವರು ಒಂದನೇ ಸ್ಥಾನ ಕೊಟ್ಟು, ಉಳಿದ ನಾಲ್ವರು ಮುಟ್ಟಲೇ ಇಲ್ಲ ಅಂದುಕೊಳ್ಳಿ. 40 ಅಂಕ. ‘ಕಾಂಜುರಿಂಗ್’ ಎಂಟೂ ಜನರಿಗೆ ನಾಲ್ಕನೆಯದು. ಏಳೆಂಟಲ 56. ಗೆದ್ದವರೂ ಇಲ್ಲ, ಸೋತವರೂ ಇಲ್ಲ, ಎಲ್ಲರಿಗೂ ಬೇಜಾರು. ಅದಕ್ಕೆ 2010ರಿಂದ ಫಾರ್ಮುಲಾ ಒನ್ ರೇಸಿನಲ್ಲಿ ಬಳಸುವ ಅಂಕಗಳನ್ನು ಎರವಲು ತರುವುದು ಒಳ್ಳೆಯದು: 25, 18, 15, 12, 10, 8, 6, 4, 2, 1. ಈಗ ‘ಹೆರಿಡಿಟರಿ’ಗೆ 100, ‘ಕಾಂಜುರಿಂಗ್’ಗೆ 96. ಒಟ್ಟು ಮೊತ್ತ 808 ಬರಬೇಕು. ಹುಚ್ಚು ಪ್ರೀತಿಗೆ ಬೆಲೆ ಸಿಗುವ ಲೆಕ್ಕ ಇದು, ಹಾರರ್‌ಗೆ ಹೊಂದುತ್ತದೆ.

ಸ್ಥಾನದ ಬದಲು ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುವ ಗುಂಪುಗಳಿಗೆ ಬೇರೆ ಪೀಡೆ. ಇಬ್ಬರೇ ನೋಡಿದ ಯಾವುದೋ ಇರಾನಿನ ಕಥೆಗೆ 10 ಮತ್ತು 9 ಬಿದ್ದು ಸರಾಸರಿ ಒಂಬತ್ತೂವರೆ ಆಗುತ್ತದೆ. ಎಂಟೂ ಜನ ನೋಡಿ ತಲಾ 8 ಕೊಟ್ಟ ‘ಟ್ರೇನ್ ಟು ಬುಸಾನ್’ ಕೆಳಗೆ. ಇದಕ್ಕೆ ಮದ್ದು ಪಿಶಾಚಿ ಓಟು. ಪ್ರತಿ ಚಿತ್ರಕ್ಕೂ ಇಲ್ಲದ ನಾಲ್ಕು ಜನ ತಲಾ 6 ಕೊಟ್ಟರು ಅಂತ ಸೇರಿಸಿ. ಮೊದಲನೆಯದು 43 ಭಾಗಿಸು 6, ಅಂದರೆ 7.17. ಎರಡನೆಯದು 88 ಭಾಗಿಸು 12, ಅಂದರೆ 7.33. ‘ಬುಸಾನ್’ ಮೇಲೆ ಬಂತು. ಚುನಾವಣೆಯಲ್ಲಿ ಸತ್ತವರ ಓಟಿಗೆ ಕೇಸು ಬೀಳುತ್ತದೆ, ಇಲ್ಲಿ ನ್ಯಾಯ ಸಿಗುತ್ತದೆ.

ಪಟ್ಟಿಗಳನ್ನು ಎಲ್ಲರೂ ಒಂದೇ ಹೊತ್ತಿಗೆ ಮುಚ್ಚಿ ಒಪ್ಪಿಸಬೇಕು. ಕೊನೆಗೆ ಕಳಿಸುವವನು ಉಳಿದ ಏಳನ್ನೂ ಓದಿಕೊಂಡೇ ಕಳಿಸಿರುತ್ತಾನೆ, ಎದುರಾಳಿಯ ಚಿತ್ರ ಅವನ ಪಟ್ಟಿಯಿಂದ ಆಕಸ್ಮಿಕವಾಗಿ ಮಾಯವಾಗಿರುತ್ತದೆ. ‘ಇಟ್’ನ ಎರಡು ಭಾಗಗಳು ಎರಡು ಚಿತ್ರವೆಂದೇ ಲೆಕ್ಕ. ‘ಮಿಡ್‌ಸೊಮ್ಮಾರ್’ಗೆ ಮಾತ್ರ ಥಿಯೇಟರಿನ 147 ನಿಮಿಷವೋ ನಿರ್ದೇಶಕರ 171 ನಿಮಿಷವೋ ಅಂತ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಇಬ್ಬರು ಬೇರೆ ಬೇರೆ ಸಿನಿಮಾ ನೋಡಿ ಒಂದೇ ಸಿನಿಮಾಕ್ಕೆ ಜಗಳವಾಡುತ್ತಾರೆ.

ಅಂಕ ಸಮ ಬಂದರೆ ಹೆಚ್ಚು ಒಂದನೇ ಸ್ಥಾನ ಪಡೆದದ್ದು ಮೇಲೆ. ಅದೂ ಸಮವಾದರೆ ಹೆಚ್ಚು ಜನರ ಪಟ್ಟಿಯಲ್ಲಿದ್ದದ್ದು. ಅದೂ ಸಮವಾಗಿ ರಾತ್ರಿ ಹನ್ನೊಂದಾಗಿದ್ದರೆ, ಕಡಿಮೆ ಉದ್ದದ ಚಿತ್ರ ಮೇಲೆ ಅಂತ ಬರೆದು ಎದ್ದುಬಿಡುವುದು. 90 ನಿಮಿಷದ ‘ಎ ಕ್ವಯಟ್ ಪ್ಲೇಸ್’ ಪರದವರು ತಕ್ಷಣ ಒಪ್ಪಿ ಚಪ್ಪಲಿ ಹುಡುಕುತ್ತಾರೆ. 156 ನಿಮಿಷದ ‘ದ ವೇಲಿಂಗ್’ ಪರದವರು ಆಕ್ಷೇಪ ಎತ್ತುತ್ತಾರೆ, ಅದನ್ನು ಮುಗಿಸುವ ಹೊತ್ತಿಗೆ ಕೊನೆಯ ಮೆಟ್ರೋ ಹೋಗಿರುತ್ತದೆ.