ಫಿಟ್ಸ್ ಬಂತು ಅಂದರೆ ಸಾಲದು

ಹುಬ್ಬಳ್ಳಿ-ಧಾರವಾಡದಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. ವಿದ್ಯಾನಗರದಲ್ಲಿ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಪಕ್ಕದ ಗದಗಿನಲ್ಲಿ ಜಿಮ್ಸ್ ಇದೆ. ಬೆಳಿಗ್ಗೆ ಹೋದರೆ ಎಷ್ಟೋ ಸಲ ಸಂಜೆಯೊಳಗೆ ಎಂಆರ್‌ಐ ಆಗಿಬಿಡುತ್ತದೆ. ನಾನು ನರ್ಸ್ ಆಗಿರುವ ಇಂಗ್ಲೆಂಡಿನಲ್ಲಿ ಇಷ್ಟು ಬೇಗ ಆಗುವುದಿಲ್ಲ. ಮೊದಲ ಫಿಟ್ಸ್ ಬಂದವರನ್ನು ಎರಡು ವಾರದೊಳಗೆ ತಜ್ಞರು ನೋಡಬೇಕು ಅಂತ ಇಲ್ಲಿ ಮಾರ್ಗಸೂಚಿ ಇದೆ, ಆದರೂ ಎಷ್ಟೋ ಜನ ಜಾಸ್ತಿ ಕಾಯುತ್ತಾರೆ. ಒಂದು ವಿಷಯದಲ್ಲಿ ಮಾತ್ರ ಇಲ್ಲಿನ ಕ್ರಮವೇ ಸರಿ. ರೋಗಿ ಬಂದ ಕೂಡಲೇ ಡಾಕ್ಟರ್ ಕೇಳುವ ಮೊದಲ ಪ್ರಶ್ನೆ: "ಕಣ್ಣಾರೆ ನೋಡಿದವರು ಯಾರು?" ಅವರನ್ನು ಒಳಗೆ ಕರೆದು ಕೂರಿಸುತ್ತಾರೆ. ಬರಲಾಗದಿದ್ದರೆ ಫೋನ್ ಮಾಡಿ ಕೇಳುತ್ತಾರೆ. ಮೊಬೈಲಿನಲ್ಲಿ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು.

ನಮ್ಮಲ್ಲಿ ಏನಾಗುತ್ತದೆ? ರಾಣೆಬೆನ್ನೂರಿನಿಂದ ನನ್ನ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ದಳು. "ಅಣ್ಣಾ, ಹುಡುಗಗ ಫಿಟ್ಸ್ ಬಂದಿತ್ತು. ಗುಳಿಗಿ ಕೊಟ್ಟಾರ." ಹೇಗೆ ಶುರುವಾಯಿತು ಅಂತ ಕೇಳಿದೆ. "ಮೊದಲ ಬಲಗೈ ಹೆಬ್ಬೆಟ್ಟು ಕುಣಿಯಾಕ ಹತ್ತಿತು. ಆಮ್ಯಾಲೆ ಬಾಯಿ ಒಂದ ಕಡೆ ಎಳೀತು. ಆಮ್ಯಾಲೆ ಬಿದ್ದ." ಡಾಕ್ಟರಿಗೆ ಹೇಳಿದೆಯಾ? "ನಮ್ಮ ಮಾವನವರು ಒಳಗ ಹೋಗಿದ್ರು. ನಾ ಹೊರಗ ಕುಂತಿದ್ದೆ."

ಮಾವ ನೋಡಿದ್ದು ಮೊಮ್ಮಗ ಬಿದ್ದ ಮೇಲೆ. ಆದರೆ ರೋಗದ ಗುಟ್ಟು ಇದ್ದದ್ದು ಆ ಹೆಬ್ಬೆಟ್ಟಿನಲ್ಲಿ. ಬಲಗೈಯಿಂದ ಶುರುವಾದರೆ ಮೆದುಳಿನ ಎಡಭಾಗದಲ್ಲಿ ಒಂದು ಜಾಗ ಕೆರಳಿದೆ ಅಂತ ಅರ್ಥ. ಅಲ್ಲೇನಿದೆ ಅಂತ ನೋಡಲೇಬೇಕು. ನೋಡಿದಾಗ ಸ್ಕ್ಯಾನಿನಲ್ಲಿ ಒಂದು ಸಣ್ಣ ಉಂಗುರ ಕಾಣಿಸಿತು. ನಮ್ಮ ದೇಶದಲ್ಲಿ ಇಂಥ ಉಂಗುರ ಕಂಡರೆ ಎರಡು ಅನುಮಾನ ಮೊದಲು ಬರುತ್ತವೆ. ಒಂದು ಲಾಡಿಹುಳುವಿನ ಮರಿಯ ಗುಳ್ಳೆ, ಇನ್ನೊಂದು ಟಿಬಿ ಗಂಟು. ಇವನದು ಹುಳುವಿನ ಗುಳ್ಳೆ.

"ನಮ್ಮ ಮನ್ಯಾಗ ತತ್ತಿನೂ ಮುಟ್ಟಂಗಿಲ್ಲ, ಹುಳ ಎಲ್ಲಿಂದ ಬಂತು?" ಅಂತ ಮನೆಯವರೆಲ್ಲ ಗಾಬರಿಯಾದರು. ಇದನ್ನು ಬಿಡಿಸಿ ಹೇಳಲೇಬೇಕು. ಸರಿಯಾಗಿ ಬೇಯದ ಹಂದಿ ಮಾಂಸ ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಮೆದುಳಿಗೆ ಬರುವ ಗುಳ್ಳೆಯ ದಾರಿ ಬೇರೆ. ಅಂಥವರ ಮಲದಲ್ಲಿರುವ ಮೊಟ್ಟೆ ನೀರಿನಿಂದಲೋ, ತೊಳೆಯದ ಮೆಂತ್ಯೆ ಸೊಪ್ಪು, ಮೂಲಂಗಿಯಿಂದಲೋ, ಅಡುಗೆ ಮಾಡುವವರ ಕೈಯಿಂದಲೋ ಇನ್ನೊಬ್ಬರ ಹೊಟ್ಟೆ ಸೇರಿದರೆ ಗುಳ್ಳೆಯಾಗುತ್ತದೆ. ಅದಕ್ಕೆ ಸಸ್ಯಾಹಾರಿಗಳನ್ನೂ ಅದು ಬಿಡುವುದಿಲ್ಲ. ನಾವು ಊಟದ ಜೊತೆ ಹಸಿ ಸೊಪ್ಪು ತಿನ್ನುವ ಜನ. ಚೆನ್ನಾಗಿ ತೊಳೆಯದೆ ತಟ್ಟೆಗೆ ಹಾಕಬಾರದು.

ಎಲ್ಲ ಫಿಟ್ಸಿನಲ್ಲೂ ಬಿದ್ದು ಒದ್ದಾಡುವುದು, ಬಾಯಲ್ಲಿ ನೊರೆ ಬರುವುದು ಇರುವುದಿಲ್ಲ. ಪಾಠದ ನಡುವೆ ಮಗು ಹತ್ತು ಸೆಕೆಂಡ್ ಸುಮ್ನೆ ನೋಡುತ್ತಾ ಕೂತು ಮತ್ತೆ ಬರೆಯಲು ಶುರು ಮಾಡುತ್ತದೆ. ಲಕ್ಷ್ಯ ಇಲ್ಲ ಅಂತ ಮೇಷ್ಟ್ರು ಬೈಯುತ್ತಾರೆ. ಹರೆಯದ ಹುಡುಗಿ ನಿದ್ದೆಗೆಟ್ಟ ಮರುದಿನ ಬೆಳಿಗ್ಗೆ ಕೈ ಜಗ್ಗಿ ಚಹಾದ ಕಪ್ಪು ಎಸೆಯುತ್ತಾಳೆ. ಇನ್ನೊಬ್ಬರಿಗೆ ಇಲ್ಲದ ವಾಸನೆ ಬರುತ್ತದೆ, ತುಟಿ ಚಪ್ಪರಿಸುತ್ತಾರೆ, ಕರೆದರೆ ಓಗೊಡುವುದಿಲ್ಲ. ಇದಕ್ಕೆ ಗಾಳಿ ಸೋಂಕು ಅಂತ ತಾಯಿತ ಕಟ್ಟಿಸುತ್ತಾರೆ. ಇವೆಲ್ಲಕ್ಕೂ ಒಂದೇ ಗುಳಿಗೆ ನಡೆಯುವುದಿಲ್ಲ. ಬಹಳ ಜನ ನುಂಗುವ ಕಾರ್ಬಮಾಜೆಪಿನ್ ಈ ಮೊದಲಿನ ಎರಡು ಬಗೆಯನ್ನು ಇನ್ನೂ ಕೆಡಿಸಬಹುದು. ಕಂಡದ್ದನ್ನು ಬಿಡಿಸಿ ಹೇಳಿ ಅಂತ ನಾನು ಬೇಡುವುದು ಇದಕ್ಕೇ.

ಹೇಳದಿರಲು ಕಾರಣವೂ ಇದೆ. ಹೆಣ್ಣುಮಕ್ಕಳ ಮದುವೆ. ಪದೇ ಪದೇ ಫಿಟ್ಸ್ ಬರುವುದು ಮದುವೆಗೆ ಅಡ್ಡಿ ಅನ್ನುವ ಮಾತನ್ನೇ ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲಿ ತೆಗೆದುಹಾಕಿದರು. ನಮ್ಮ ಓಣಿಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಜ್ವರದ ಜೊತೆ ಫಿಟ್ಸ್ ಬಂದರೆ ಲೆಕ್ಕವೇ ಬೇರೆ. ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ಜ್ವರ ಏರಿದಾಗ ಬರುವ ಫಿಟ್ಸ್ ಹೆಚ್ಚಾಗಿ ತಾನೇ ನಿಲ್ಲುತ್ತದೆ, ಕೇಡು ಮಾಡುವುದಿಲ್ಲ. ಆದರೂ ಮೊದಲ ಸಲ ಡಾಕ್ಟರಿಗೆ ತೋರಿಸಲೇಬೇಕು. ದೊಡ್ಡವರಿಗೆ ಜ್ವರ, ತಲೆನೋವು, ಕುತ್ತಿಗೆ ಬಿಗಿತ ಇದ್ದು ಫಿಟ್ಸ್ ಬಂದರೆ ಮೆದುಳು ಜ್ವರ ಅಂತಲೇ ತಿಳಿದು ಓಡಿ. ಹರ್ಪಿಸ್ ವೈರಸ್ಸಿನ ಮೆದುಳು ಜ್ವರದಲ್ಲಿ ಮನುಷ್ಯ ಎರಡು-ಮೂರು ದಿನದಲ್ಲಿ ಏನೇನೋ ಮಾತಾಡಲು ಶುರು ಮಾಡುತ್ತಾನೆ. ಗುಡಿಗೆ ಕರೆದೊಯ್ಯುವಷ್ಟರಲ್ಲಿ ಹೊತ್ತು ಮೀರುತ್ತದೆ. ಅಸೈಕ್ಲೋವಿರ್ ಅನ್ನುವ ಔಷಧಿಯನ್ನು ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಶುರು ಮಾಡಬೇಕಾಗುತ್ತದೆ. ಟಿಬಿಯ ಮೆದುಳು ಜ್ವರ ಹೆಚ್ಚಾಗಿ ನಿಧಾನ. ವಾರಗಟ್ಟಲೆ ಸಣ್ಣ ಜ್ವರ, ತಲೆನೋವು, ವಾಂತಿ, ತೂಕ ಇಳಿಯುವುದು.

ಮೆದುಳು ಜ್ವರದ ಪರೀಕ್ಷೆಗೆ ಬೆನ್ನಿನಿಂದ ನೀರು ತೆಗೆಯುತ್ತೇವೆ ಅಂದರೆ ನಮ್ಮವರು ಬೇಡ ಅಂತ ಸಹಿ ಹಾಕುತ್ತಾರೆ, ಕಾಲು ಹೋಗುತ್ತವೆ ಅನ್ನುವ ಭಯ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಎರಡು ಮೂಳೆಗಳ ಹತ್ತಿರ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಇಷ್ಟನ್ನು ಮನೆಯವರಿಗೆ ಕೂರಿಸಿಕೊಂಡು ಹೇಳುವ ಐದು ನಿಮಿಷ ಡಾಕ್ಟರಿಗೆ ಸಿಗಬೇಕು.

ಇನ್ನು ಫಿಟ್ಸ್ ಬಂದ ಗಳಿಗೆ. ಈರುಳ್ಳಿ ಮೂಸಿಸುವುದು, ಕಬ್ಬಿಣ ಹಿಡಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು ಬಿಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಒಬ್ಬರು ಗಡಿಯಾರ ನೋಡಲಿ. ಐದು ನಿಮಿಷ ದಾಟಿದರೆ 108. ನಮ್ಮಲ್ಲಿ ಹತ್ತು ಜನ ಓಡಿ ಬರುತ್ತಾರೆ, ಇಂಗ್ಲೆಂಡಿನಲ್ಲಿ ಎಷ್ಟೋ ಜನ ಮನೆಯಲ್ಲಿ ಒಬ್ಬರೇ ಬಿದ್ದಿರುತ್ತಾರೆ. ಆ ಹತ್ತು ಜನರಲ್ಲಿ ಒಬ್ಬರು ಗಮನವಿಟ್ಟು ನೋಡಿದರೂ ಸಾಕು.

ನನ್ನ ಹಾಗೆ ಹೊರದೇಶದಲ್ಲಿರುವವರಿಗೂ ಒಂದು ಮಾತು. ಹುಬ್ಬಳ್ಳಿಯ ಡಾಕ್ಟರ್ ಮೊದಲೇ ಅನುಮಾನಿಸುವ ಟಿಬಿ, ಲಾಡಿಹುಳು ಇಲ್ಲಿನವರಿಗೆ ಬೇಗ ನೆನಪಾಗುವುದಿಲ್ಲ. ಊರಿಗೆ ಹೋಗಿ ಬಂದದ್ದು, ಮನೆಯಲ್ಲಿ ಯಾರಿಗಾದರೂ ಟಿಬಿ ಇದ್ದದ್ದು, ಇದನ್ನು ಅವರು ಕೇಳುವ ಮೊದಲು ನೀವೇ ಹೇಳಿ.