ಹೆಬ್ಬೆಟ್ಟಿಗೂ ಒಂದು ಕಾಲ ಬಂತು

ನಮ್ಮ ಕಾಕಾಗೆ ಬ್ಯಾಂಕಿನಿಂದ ಮತ್ತೆ ಮೆಸೇಜು ಬಂದಿದೆ. ‘ನಿಮ್ಮ ಸುರಕ್ಷತೆಗಾಗಿ, ನಿಮ್ಮ ಪಾಸ್‌ವರ್ಡ್ ಅವಧಿ ಮುಗಿದಿದೆ.’ ನಿಮಗೂ ಬಂದಿರುತ್ತದೆ, ಅಲ್ವಾ? ಹಾಲು ಒಡೆಯುತ್ತದೆ, ಗುಳಿಗೆಗೆ ಅವಧಿ ಇರುತ್ತದೆ, ಒಪ್ಪೋಣ. ತಲೆಯಲ್ಲಿರುವ ಒಂದು ಶಬ್ದ ಮೂರು ತಿಂಗಳಿಗೆ ಹೇಗೆ ಹಳಸುತ್ತದೋ ಆ ಸಿದ್ಧೇಶ್ವರನೇ ಬಲ್ಲ.

ಹೊಸದರಲ್ಲಿ ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಬೇಕಂತೆ. ‘ಕನ್ನಡದಾಗ ದೊಡ್ಡಕ್ಷರ ಸಣ್ಣಕ್ಷರ ಎಲ್ಲೈತೋ?’ ಎಂದು ಕಾಕಾ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಬಸವ@123’ ಹಾಕಿದೆವು. ವಿಜಯಪುರ ಜಿಲ್ಲೆಯ ಅರ್ಧ ಜನರದು ಇದೇ ಇರಬೇಕು ಎಂಬುದು ನನ್ನ ಗುಮಾನಿ. ಹಳೆಯದು ನಡೆಯಲ್ಲ ಎಂದಿತು. ‘ಬಸವ@124’ ಹಾಕಿದೆವು. ಶಹಬ್ಬಾಸ್, ಈಗ ಗಟ್ಟಿಯಾಗಿದೆ ಎಂದಿತು! ಕಾಕಾ ಅದನ್ನು ಶಾಬಾದಿಮಠ ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕ ಬರೆದಿಟ್ಟರು. ಹಾಲಿನವನಿಗೂ ಕಾಣುತ್ತದೆ.

ಚಿಹ್ನೆ ಸೇರಿಸಿ, ಆಗಾಗ ಬದಲಿಸಿ ಎಂದು 2003ರಲ್ಲಿ ಬರೆದವರು ಅಮೆರಿಕ ಸರ್ಕಾರದ ಮಾನಕ ಸಂಸ್ಥೆಯಲ್ಲಿದ್ದ ಬಿಲ್ ಬರ್. 2017ರಲ್ಲಿ ಅವರೇ, ನಾನು ಮಾಡಿದ್ದರಲ್ಲಿ ಬಹಳಷ್ಟಕ್ಕೆ ಈಗ ವಿಷಾದವಿದೆ ಎಂದು ಒಪ್ಪಿಕೊಂಡರು. ಆ ಸುದ್ದಿ ಗದಗ ಪ್ಯಾಸೆಂಜರ್ ಹತ್ತಿ ನಮ್ಮೂರಿಗೆ ಇನ್ನೂ ಬರುತ್ತಿದೆ.

ಅತ್ತ ಪಾಸ್‌ವರ್ಡಿನ ಬದಲಿಗೆ ಪಾಸ್‌ಕೀ ಎಂಬುದು ಬಂದು ವರ್ಷಗಳಾದವು. ಒಬ್ಬರ ಮುಖ ಒಬ್ಬರು ನೋಡದ ಆಪಲ್, ಗೂಗಲ್, ಮೈಕ್ರೋಸಾಫ್ಟ್ 2022ರಲ್ಲಿ ಇದೊಂದಕ್ಕೆ ಒಟ್ಟಾಗಿ ಹೂಂ ಎಂದವು. ಒಂದು ಕೀಲಿ ನಿಮ್ಮ ಹತ್ತಿರ, ಅದರ ಜೋಡಿ ನೀವು ಲಾಗಿನ್ ಆಗುವ ಬ್ಯಾಂಕು, ಜಾಲತಾಣದವರ ಹತ್ತಿರ. ಅವರದನ್ನು ಕಳ್ಳ ಹೊತ್ತೊಯ್ದರೂ ಬೀಗ ತೆಗೆಯಲು ಬರುವುದಿಲ್ಲ. ನೀವು ಏನನ್ನೂ ನೆನಪಿಡಬೇಕಿಲ್ಲ. ಫೋನಿನ ಮೇಲೆ ಹೆಬ್ಬೆಟ್ಟು ಒತ್ತಿದರೆ ಆಯಿತು.

ಹೌದು, ಹೆಬ್ಬೆಟ್ಟು! ನಮ್ಮ ಕಡೆ ಅದು ಬೈಗುಳ. ‘ಓದದಿದ್ರ ಹೆಬ್ಬೆಟ್ಟಾಗ್ತಿ’ ಎಂದು ಮಾಸ್ತರರು ಬೆತ್ತ ತೋರಿಸುತ್ತಿದ್ದರು. ಸಾಕ್ಷರತಾ ಆಂದೋಲನದಲ್ಲಿ ನಮ್ಮಜ್ಜಿ ಕಂದೀಲಿನ ಮುಂದೆ ಕೂತು ಸಹಿ ಕಲಿತಳು. ಹೆಸರಿನ ಒತ್ತಕ್ಷರ ಒಂದೇ ಅವಳನ್ನು ಒಂದು ವಾರ ಕಾಡಿತ್ತು. ಈಗ ಕ್ಯಾಲಿಫೋರ್ನಿಯಾದ ಎಂಜಿನಿಯರುಗಳು ಅಜ್ಜಿ ಬಿಟ್ಟುಹೋದ ಜಾಗಕ್ಕೇ ಬಂದು ನಿಂತಿದ್ದಾರೆ. ಫರಕು ಇಷ್ಟೇ. ರೇಷನ್ ಅಂಗಡಿಯಲ್ಲಿ ಒತ್ತಿದ ಬೆರಳು ಆಧಾರ್ ಸರ್ವರ್ ತನಕ ಹೋಗಿ ಅಲ್ಲಿಟ್ಟ ಗುರುತಿನ ಜೊತೆ ತಾಳೆಯಾಗುತ್ತದೆ. ಪಾಸ್‌ಕೀಯ ಬೆರಳು ಫೋನಿನ ಹೊಸ್ತಿಲು ದಾಟುವುದಿಲ್ಲ. ಇಂಡಿ ತಾಲ್ಲೂಕಿನ ನಿಂಬೆ ತೋಟದಲ್ಲಿ ಬೆರಳ ಗೆರೆ ಸವೆಸಿಕೊಂಡವರು ಫೋನಿನ ಪಿನ್ ಒತ್ತಿದರೂ ನಡೆಯುತ್ತದೆ.

ತಮಾಷೆ ಸಾಕು. ನಮ್ಮ ಓಣಿಯ ನಿವೃತ್ತ ಮಾಸ್ತರರೊಬ್ಬರು ಬ್ಯಾಂಕಿನದೇ ಎಂದು ನಂಬಿ ನಕಲಿ ಪುಟದಲ್ಲಿ ಪಾಸ್‌ವರ್ಡ್ ಹಾಕಿದರು. ಓಟಿಪಿಯನ್ನೂ ಹಾಕಿದರು. ಕೂಡಿಟ್ಟ ಪಿಂಚಣಿ ಹೋಯಿತು. ‘ನೀವೇ ಕೊಟ್ಟಿದ್ದೀರಲ್ಲ’ ಎಂದರು ಬ್ಯಾಂಕಿನವರು. ಪಾಸ್‌ಕೀ ಇದ್ದಿದ್ದರೆ ಕೊಡುವುದಕ್ಕೆ ಅವರ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಅದು ಅಸಲಿ ವಿಳಾಸಕ್ಕೆ ಮಾತ್ರ ಬಾಯಿ ಬಿಡುತ್ತದೆ. ಇದು ಬ್ಯಾಂಕಿನವರಿಗೆ ಗೊತ್ತಿಲ್ಲವಾ? ಗೊತ್ತು. ಬಾಗಿಲು ಬದಲಿಸಲು ಖರ್ಚಿದೆ. ಕಣ್ಣು ಮಂಜಾದ ಮುದುಕನಿಗೆ ಒಂದಕ್ಷರದ ವ್ಯತ್ಯಾಸ ಕಾಣಲಿಲ್ಲ ಎಂದು ಬೈಯುವುದಕ್ಕೆ ಖರ್ಚಿಲ್ಲ.

ಕಾಕಾನ ಕತೆ ಮುಗಿದಿಲ್ಲ. ತಿಂಗಳು ಮುಗಿಯಿತೆಂದು ಮೊಮ್ಮಗಳು ಕ್ಯಾಲೆಂಡರಿನ ಹಾಳೆ ಹರಿದು ದೋಣಿ ಮಾಡಿದಳು. ಕಾಕಾ ಮೂರು ಸಲ ಅಂದಾಜಿನಲ್ಲಿ ಒತ್ತಿದರು. ಖಾತೆ ಲಾಕ್ ಆಯಿತು. ಶಾಖೆಗೆ ಹೋದೆವು. ಎರಡು ಆಧಾರ್ ಝೆರಾಕ್ಸ್, ಒಂದು ಅರ್ಜಿ. ಕೈ ನಡುಗಿ ಸಹಿ ಸೊಟ್ಟಗಾಯಿತು.

‘ಸಹಿ ಮ್ಯಾಚ್ ಆಗವಲ್ದ್ರಿ’ ಎಂದಳು ಕೌಂಟರಿನ ಹುಡುಗಿ. ಡ್ರಾಯರ್ ಎಳೆದು ಒಣಗಿದ ಇಂಕ್ ಪ್ಯಾಡ್ ತೆಗೆದಳು. ಬಾಟಲಿಯಿಂದ ಎರಡು ಹನಿ ನೀರು ಚಿಮುಕಿಸಿದಳು. ‘ಇರ್ಲಿ, ಹೆಬ್ಬೆಟ್ಟು ಒತ್ರಿ ಅಜ್ಜಾರ.’

ಕಾಕಾ ಒತ್ತಿದರು. ನೀಲಿ ಬೆರಳನ್ನು ಧೋತರಕ್ಕೆ ಒರೆಸಿಕೊಳ್ಳುತ್ತ, ಪಾಸ್‌ವರ್ಡ್ ಯಾವಾಗ ಸಿಗುತ್ತದೆ ಎಂದು ಕೇಳಿದರು.

‘ಹದಿನೈದು ದಿನದಾಗ ಬರ್ತೈತ್ರಿ. ಪೋಸ್ಟಿನ್ಯಾಗ.’