ಕ್ರೋಮ್ ಎದ್ದ ಬೈಕಿಗೆ ಪೌಡರ್ ಕೋಟಿಂಗ್: ಪರ–ವಿರೋಧ

ಪರ: ಸಿಪ್ಪೆ ಏಳುವ ಹೊಳಪು ಯಾರಿಗೆ ಬೇಕು?

ಹಳೆಯ ಬುಲೆಟ್ಟಿನ ಲೆಗ್ ಗಾರ್ಡ್ ಬಗ್ಗಿ ನೋಡಿ. ಮೇಲೆ ಕನ್ನಡಿ. ಕೆಳಗೆ, ಕೆಸರು ಕೂರುವ ಬಾಗಿನಲ್ಲಿ, ಸಾಸಿವೆ ಕಾಳಿನಷ್ಟು ತುಕ್ಕಿನ ಚುಕ್ಕೆಗಳು. ಉಗುರಲ್ಲಿ ಕೆರೆದರೆ ಈರುಳ್ಳಿ ಸಿಪ್ಪೆಯ ಹಾಗೆ ಏಳುತ್ತದೆ. ಕ್ರೋಮ್ ಅಂತ ನಾವು ಕರೆಯುವುದರಲ್ಲಿ ಕ್ರೋಮ್ ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಕೂಡ ಇರುವುದಿಲ್ಲ. ಕೆಲಸವೆಲ್ಲ ಅದರಡಿಯ 10ರಿಂದ 30 ಮೈಕ್ರಾನ್ ನಿಕಲ್‌ನದು. ನಿಕಲ್‌ನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ನೀರು ಕಬ್ಬಿಣ ಮುಟ್ಟುತ್ತದೆ. ಆಮೇಲೆ ನಿಕಲ್ ಹಾಗೇ ಉಳಿದು ಕಬ್ಬಿಣವೇ ತಿಂದುಹೋಗುತ್ತದೆ. ಪೌಡರ್ ಕೋಟಿಂಗ್ ಎಂದರೆ ವಿದ್ಯುತ್ ತುಂಬಿದ ಬಣ್ಣದ ಪುಡಿಯನ್ನು ಲೋಹಕ್ಕೆ ಹೊಡೆದು ಓವನ್‌ನಲ್ಲಿ ಕರಗಿಸಿ ಹಿಡಿಸುವುದು. ಅದರ ಪದರ 60ರಿಂದ 80 ಮೈಕ್ರಾನ್. ಲೆಕ್ಕ ಇಲ್ಲಿಗೇ ಮುಗಿಯಬೇಕು.

"ನಾವೂ ಮಾಡಿಸಿದೆವು, ಆರು ತಿಂಗಳಿಗೆ ಎದ್ದಿತು" ಎನ್ನುವವರದು ಪೌಡರ್ ತಪ್ಪಲ್ಲ, ತಯಾರಿ ತಪ್ಪು. ಹೊಳೆಯುವ ಕ್ರೋಮ್ ಮೇಲೆ ಪೌಡರ್ ಹಿಡಿಯುವುದಿಲ್ಲ. ಮೊದಲು ಪ್ಲೇಟಿಂಗ್‌ನವರ ಹತ್ತಿರ ಕ್ರೋಮ್ ತೆಗೆಸಬೇಕು. ಗಟ್ಟಿಯಾಗಿರುವ ನಿಕಲ್ ಇರಲಿ. ಎದ್ದಿರುವ ಅಂಚು ಒಂದಿಷ್ಟೂ ಉಳಿಯಬಾರದು, ಉಳಿದರೆ ಹೊಸ ಪದರವನ್ನೂ ಎಳೆದುಕೊಂಡು ಬರುತ್ತದೆ. ಆಮೇಲೆ ಬ್ಲಾಸ್ಟಿಂಗ್, ಅಂದರೆ ರಭಸದ ಗಾಳಿಯಲ್ಲಿ ಒರಟು ಪುಡಿ ಹೊಡೆಯುವುದು, ಮೈಯೆಲ್ಲ ಮಂಕು ಬೂದಿ ಬಣ್ಣಕ್ಕೆ ಬರುವ ತನಕ. ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ.

ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ತೊಳೆಯುವ ನೀರಿನಿಂದ. ಫಾಸ್ಫೇಟಿಂಗ್ (ಪೌಡರ್ ಚೆನ್ನಾಗಿ ಹಿಡಿಯಲೆಂದು ಫಾಸ್ಫೇಟ್ ದ್ರಾವಣ ಹಾಯಿಸುವುದು) ಆದಮೇಲೆ ಬೋರ್‌ವೆಲ್ ಗಡಸು ನೀರಲ್ಲಿ ತೊಳೆದು ಒಣಗಿಸಿದರೆ ಉಪ್ಪು ಮೈಮೇಲೇ ಕೂರುತ್ತದೆ. ಅದರ ಮೇಲೆ ಪೌಡರ್ ಬಿದ್ದರೆ ಮಳೆಗಾಲದಲ್ಲಿ ಬೊಕ್ಕೆ ಏಳುವುದು ಗ್ಯಾರಂಟಿ. ಊರಿನ ಶುದ್ಧ ನೀರಿನ ಘಟಕದಿಂದ 20 ಲೀಟರಿನ ಒಂದು ಕ್ಯಾನ್ ತಂದು ಕೊನೆಯ ತೊಳೆತ ಅದರಲ್ಲೇ ಮಾಡಿ. ಇಷ್ಟು ಅಗ್ಗದ ವಿಮೆ ಬೇರೆ ಇಲ್ಲ.

ಒಣಗಿದ ಮೇಲೆ ಪೌಡರ್ ಹೊಡೆಯುವ ಮೊದಲೇ ಒಮ್ಮೆ 200 ಡಿಗ್ರಿಗೆ ಕಾಯಿಸಿ. ಎರಕದ ಭಾಗದಲ್ಲಿ ಅಡಗಿದ ಗಾಳಿ, ಬೆಸುಗೆಯ ಸಂದಿಯಲ್ಲಿ ಕೂತ ಹಳೇ ಎಣ್ಣೆ ಆಗಲೇ ಹೊರಬರಲಿ. ಇಲ್ಲದಿದ್ದರೆ ಪೌಡರ್ ಕರಗುವಾಗ ಬಂದು ಗುಳ್ಳೆ ಬಿಡುತ್ತದೆ. ತೂಗುಹಾಕುವ ಕೊಕ್ಕೆಗೆ ಹಳೆಯ ಪೌಡರ್ ಮೆತ್ತಿದ್ದರೆ ಅರ್ಥಿಂಗ್ ಸಿಗುವುದಿಲ್ಲ, ಪುಡಿ ನೆಲಕ್ಕೇ ಉದುರುತ್ತದೆ. ಮಡ್ಗಾರ್ಡಿನ ಒಳಮೂಲೆಗೆ ಪುಡಿ ಹೋಗದಿದ್ದರೆ ಗನ್ನಿನ ವೋಲ್ಟೇಜ್ ಏರಿಸಬೇಡಿ, ಇಳಿಸಿ. ಇನ್ನು ಓವನ್: 200 ಡಿಗ್ರಿಯಲ್ಲಿ 10 ನಿಮಿಷ ಎಂದರೆ ಲೋಹ 200 ಮುಟ್ಟಿದ ಮೇಲಿನ 10 ನಿಮಿಷ. ಬಾಗಿಲು ಮುಚ್ಚಿದ ಗಳಿಗೆಯಿಂದ ಎಣಿಸುವವರ ಪೌಡರೇ ಬೆಣಚುಕಲ್ಲು ಸಿಡಿದರೆ ಚಕ್ಕೆ ಏಳುವುದು.

ಮತ್ತೆ ಕ್ರೋಮ್ ಮಾಡಿಸೋಣವೆಂದರೆ, ಆ ಪ್ಲೇಟಿಂಗ್ ತೊಟ್ಟಿಯ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಆ ನೀರು ಅಂತರ್ಜಲಕ್ಕೆ ಇಳಿದರೆ ಏನಾಗುತ್ತದೆಂದು ಬೋರ್‌ವೆಲ್ಲನ್ನೇ ನಂಬಿರುವ ಜಿಲ್ಲೆಗೆ ಬಿಡಿಸಿ ಹೇಳಬೇಕಿಲ್ಲ. ಸೈಲೆನ್ಸರ್ ಶಾಖವನ್ನು ಪೌಡರ್ ತಾಳುತ್ತದೆಯೇ ಎನ್ನುವವರು ಇದ್ದೇ ಇರುತ್ತಾರೆ. ಎಂಜಿನ್‌ನಿಂದ ಸೈಲೆನ್ಸರ್‌ಗೆ ಹೋಗುವ ಬೆಂಡ್ ಪೈಪಿಗೆ ಮಾಮೂಲಿ ಪಾಲಿಯೆಸ್ಟರ್ ಪೌಡರ್ ಹಾಕಿ ಅಂತ ಯಾರೂ ಹೇಳಿಲ್ಲ. ಹೊಳಪೇ ಬೇಕಾದವರು ಕನ್ನಡಿ ಕೊಂಡುಕೊಳ್ಳಲಿ.

ವಿರೋಧ: ಎಲ್ಲವನ್ನೂ ಒಲೆಗೆ ಹಾಕಬೇಡಿ

ಲೆಗ್ ಗಾರ್ಡ್, ಕ್ಯಾರಿಯರ್‌ಗೆ ಪೌಡರ್ ಮಾಡಿಸುವುದಕ್ಕೆ ನನ್ನದೇನೂ ತಕರಾರಿಲ್ಲ. ವಿರೋಧದ ಪಾಲು ನನಗೆ ಬಂದಿದೆ, ಬರೆಯುತ್ತೇನೆ. ಪರದವರ ಹುಮ್ಮಸ್ಸು ನೋಡಿದರೆ ಪೆಟ್ರೋಲ್ ಮುಚ್ಚಳದಿಂದ ಸ್ಟ್ಯಾಂಡ್ ಸ್ಪ್ರಿಂಗ್‌ವರೆಗೆ ಎಲ್ಲವೂ ಓವನ್ ಸೇರಬೇಕು.

ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಪೈಪಿನ ಕ್ರೋಮ್ ಅಲಂಕಾರದ್ದಲ್ಲ, ಸವೆತ ತಡೆಯುವ ದಪ್ಪ ಹಾರ್ಡ್ ಕ್ರೋಮ್. ಆಯಿಲ್ ಸೀಲ್ ಅದರ ಮೇಲೇ ಜಾರಬೇಕು. ಅಲ್ಲಿ ಪೌಡರ್ ಮಾತೇ ಇಲ್ಲ. ಒಂದು ಚುಕ್ಕೆ ಸಿಡಿದರೂ ಸೀಲ್ ಹರಿದು ಎಣ್ಣೆ ಸೋರುತ್ತದೆ. ಹಳೆಯ ಟ್ಯಾಂಕಿನ ತೂತಿಗೆ ಸೀಸದ ಬೆಸುಗೆ ಹಾಕಿಸಿದ್ದರೆ ಅದು 183 ಡಿಗ್ರಿಗೇ ಕರಗಲು ಶುರು. ತಗ್ಗಿಗೆ ಮೆತ್ತಿದ ಪುಟ್ಟಿಯೂ ಆ ಶಾಖ ತಾಳುವುದಿಲ್ಲ. 80 ಮೈಕ್ರಾನ್ ಅಂತ ಹೆಮ್ಮೆಪಡುವವರು ಬೋಲ್ಟ್ ಕೂರುವ ಜಾಗದಲ್ಲೂ ಅದೇ 80 ಇರುತ್ತದೆ ಎಂಬುದನ್ನು ಮರೆತಿದ್ದಾರೆ. ವಾಷರ್ ಅಡಿ ಪದರ ಅಮುಕಿಹೋಗಿ ಬೋಲ್ಟ್ ಸಡಿಲಾಗಿ ಮಡ್ಗಾರ್ಡ್ ಗಡಗಡ ಎನ್ನುತ್ತದೆ. ಮತ್ತೆ ಬಿಗಿ ಮಾಡಬೇಕು. ಇಂಡಿಕೇಟರ್ ಅರ್ಥಿಂಗ್ ಬಾಡಿಯಿಂದಲೇ ಬರುವ ಗಾಡಿಯಲ್ಲಿ ದೀಪವೇ ಹತ್ತುವುದಿಲ್ಲ. ಬಲ್ಬ್ ಬದಲಿಸಿ, ವೈರಿಂಗ್ ಬಿಚ್ಚಿ, ಕೊನೆಗೆ ಗೊತ್ತಾಗುವುದು ನಟ್ಟಿನ ಅಡಿ ರೂಪಾಯಿ ನಾಣ್ಯದಷ್ಟು ಜಾಗ ಕೆರೆಯಬೇಕಿತ್ತು ಅಂತ.

ಆದರೆ ನನ್ನ ಮುಖ್ಯ ಮಾತು ಹಳೆಯ ಯೆಜ್ಡಿ ಬೈಕಿನದು. ಅದನ್ನು ಮಾಡುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಲ್ಲಿಂದ ಬಂದ ರಿಮ್ ಮತ್ತೆ ಬರುವುದಿಲ್ಲ. ಬ್ಲಾಸ್ಟಿಂಗ್ ಮಾಡಿಸಿದ ಮೇಲೆ ಮನಸ್ಸು ಬದಲಾದರೆ ಪೌಡರ್ ಇಳಿಸಿ, ಗುಂಡಿಗಳು ಹೋಗುವ ತನಕ ಬಫಿಂಗ್ ಮಾಡಿ, ಮತ್ತೆ ನಿಕಲ್ ಕೂರಿಸಬೇಕು. ತೆಳುವಾದ ಹಳೇ ರಿಮ್ಮಿನಲ್ಲಿ ಕಡ್ಡಿ ತೂತಿನ ಸುತ್ತ ಅಷ್ಟು ಲೋಹ ಉಳಿದಿರುವುದಿಲ್ಲ. ಕ್ರೋಮ್ ಬಣ್ಣದ ಪೌಡರ್ ಅಂತ ಮಾರುವುದು ಬೆಳ್ಳಿ ಬಣ್ಣದ ಮೇಲೊಂದು ಪಾರದರ್ಶಕ ಪದರ, ಅಷ್ಟೇ. ಅಡಿಗೆಮನೆಯ ಅಲ್ಯೂಮಿನಿಯಂ ಪಾತ್ರೆಯ ಹಾಗೆ ಕಾಣುತ್ತದೆ.

ವಿಷದ ನೀರಿನ ಮಾತು ದೊಡ್ಡದು. ಅದು ಇನ್ನೊಂದು ದಿನದ ಚರ್ಚೆ. ಸದ್ಯಕ್ಕೆ ರಿಮ್ಮಿನ ಚುಕ್ಕೆ ತುಕ್ಕಿಗೆ ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ, ನೀರಲ್ಲಿ ಅದ್ದಿ ಉಜ್ಜಿ ನೋಡಿ. ಅರ್ಧಕ್ಕರ್ಧ ಅದರಲ್ಲೇ ಹೋಗುತ್ತದೆ. ಒರೆಸಿ ಒಣಗಿಸಿ, ಮೇಲೊಂದು ಕೈ ಮೇಣ ಹಚ್ಚಿ.